ಮರಗಟ್ಟಿದ ಅಂಗಾಲಿಗೆ ಎಂಥ ಮ್ಯಾಟ್? ಮಧುಮೇಹಿಗಳ ಯೋಗ, ಬ್ಯಾಲೆನ್ಸ್ ಸಲಕರಣೆಗಳ ವಿಮರ್ಶೆ

ಸಕ್ಕರೆ ಕಾಯಿಲೆ ಇದೆ, ಯೋಗ ಶುರು ಮಾಡಬೇಕು ಎಂದು ತೀರ್ಮಾನವಾದ ಕೂಡಲೇ ಮನೆಗೆ ಬರುವ ಮೊದಲ ವಸ್ತು ದಪ್ಪನೆಯ, ಮೆತ್ತನೆಯ ಮ್ಯಾಟ್. 12 ಅಥವಾ 15 ಮಿಲಿಮೀಟರ್ ದಪ್ಪ, ಒತ್ತಿದರೆ ಹೆಬ್ಬೆರಳು ಒಳಗಿಳಿಯುವಷ್ಟು ಮೃದು. ಮಂಡಿಗೆ ಹಿತ, ಬೆನ್ನಿಗೂ ಹಿತ. ಆದರೆ ನಿಂತು ಮಾಡುವ ಆಸನಗಳಿಗೆ ಇದು ತಪ್ಪು ಆಯ್ಕೆ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುವವರಿಗಂತೂ ಬೀಳುವ ಅಪಾಯವನ್ನೇ ಇದು ಹೆಚ್ಚಿಸುತ್ತದೆ.

ನಾವು ನೆಟ್ಟಗೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಹೋಗುತ್ತಿರಬೇಕು: ಕಣ್ಣಿನಿಂದ, ಒಳಕಿವಿಯಿಂದ, ಪಾದದ ಚರ್ಮ, ಸ್ನಾಯು, ಕೀಲುಗಳಿಂದ. ಮಧುಮೇಹ ಹಲವು ವರ್ಷ ಉಳಿದಾಗ ಮೊದಲು ಸೊರಗುವುದು ದೇಹದ ಅತಿ ಉದ್ದದ ನರಗಳು, ಅಂದರೆ ಕಾಲ್ಬೆರಳ ತುದಿಯವರೆಗೆ ಹೋಗುವ ನರಗಳು. ಹಾಗಾಗಿಯೇ ಜೋಮು, ಉರಿ, ಮರಗಟ್ಟುವಿಕೆ ಬೆರಳುಗಳಿಂದ ಶುರುವಾಗಿ ನಿಧಾನವಾಗಿ ಮೇಲೇರುತ್ತವೆ. ಮಧುಮೇಹಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಈ ನರದೌರ್ಬಲ್ಯ ಬರುತ್ತದೆ. ಮೂರು ಸುದ್ದಿಗಳಲ್ಲಿ ಒಂದು ಹೀಗೆ ಕ್ಷೀಣವಾಗಿರುವಾಗ ಮೆತ್ತನೆಯ ಹಾಸು ಉಳಿದಿದ್ದ ಅಷ್ಟಿಷ್ಟನ್ನೂ ಮಸುಕು ಮಾಡಿಬಿಡುತ್ತದೆ. ಆದ್ದರಿಂದ ಇಲ್ಲಿ ಪ್ರತಿಯೊಂದು ಸಲಕರಣೆಯನ್ನೂ ಒಂದೇ ಪ್ರಶ್ನೆಯಿಂದ ತೂಗಿದ್ದೇವೆ: ಇದು ನೆಲದ ಸುದ್ದಿಯನ್ನು ಅಂಗಾಲಿಗೆ ಮುಟ್ಟಿಸುತ್ತದೆಯೇ, ತಡೆಯುತ್ತದೆಯೇ?

ಕೊಳ್ಳುವ ಮೊದಲು ನಿಮ್ಮ ಸಮತೋಲನ ಈಗ ಯಾವ ಮಟ್ಟದಲ್ಲಿದೆ ಎಂದು ತಿಳಿಯಬೇಕು. ಅದಕ್ಕೆ ಯಾವ ಸಲಕರಣೆಯೂ ಬೇಡ. ಗೋಡೆಯ ಪಕ್ಕ, ಇನ್ನೊಬ್ಬರು ಹತ್ತಿರವಿದ್ದಾಗ, ಗಟ್ಟಿ ನೆಲದ ಮೇಲೆ ಕಣ್ಣು ತೆರೆದು ನಿಲ್ಲಿ. ಮೊದಲು ಎರಡೂ ಪಾದಗಳನ್ನು ಜೋಡಿಸಿ 10 ಸೆಕೆಂಡು. ನಂತರ ಒಂದು ಪಾದವನ್ನು ಅರ್ಧ ಮುಂದಿಟ್ಟು, ಅದರ ಅಂಗಾಲಿನ ಒಳಬದಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ 10 ಸೆಕೆಂಡು. ಆಮೇಲೆ ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ 10 ಸೆಕೆಂಡು. ಕೊನೆಗೆ ಒಂಟಿ ಕಾಲಿನಲ್ಲಿ 10 ಸೆಕೆಂಡು. ವಯಸ್ಸಾದವರು ಮೂರನೆಯ ನಿಲುವನ್ನು 10 ಸೆಕೆಂಡು ಹಿಡಿಯಲಾಗದಿದ್ದರೆ ಬೀಳುವ ಅಪಾಯ ಹೆಚ್ಚಿದೆ ಎಂದೇ ಲೆಕ್ಕ. ಅಂಥವರು ಈ ಬರಹದಲ್ಲಿ ಕುರ್ಚಿಯ ಭಾಗವನ್ನು ಓದಿದರೆ ಸಾಕು, ಉಳಿದುದು ಸದ್ಯಕ್ಕೆ ಬೇಡ. ಪಾದದ ಸ್ಪರ್ಶವನ್ನು ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದಲೂ 128 ಹರ್ಟ್ಸ್‌ನ ಶ್ರುತಿಕವೆಯಿಂದಲೂ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುತ್ತಾರೆ. ವರ್ಷಕ್ಕೊಮ್ಮೆ ಇದನ್ನು ಕೇಳಿ ಮಾಡಿಸಿಕೊಳ್ಳಿ. ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವವರು ಜೊತೆಗೆ ಬಿ12 ಜೀವಸತ್ವದ ಪರೀಕ್ಷೆಯನ್ನೂ ಮಾಡಿಸಬೇಕು. ಅದರ ಕೊರತೆಯೂ ಕಾಲಿನ ನರಗಳನ್ನು ಕೆಡಿಸುತ್ತದೆ, ಮತ್ತು ಅದನ್ನು ಸರಿಪಡಿಸಬಹುದು.

ಯೋಗದಿಂದ ಏನು ನಿರೀಕ್ಷಿಸಬಹುದು ಎಂಬುದನ್ನೂ ಮೊದಲೇ ಹೇಳಿಬಿಡಬೇಕು. 2022ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆಯಲ್ಲಿ, ಟೈಪ್ 2 ಮಧುಮೇಹಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಯೋಗವನ್ನೂ ಮಾಡಿದವರಲ್ಲಿ, ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ಹೇಳುವ ಎಚ್‌ಬಿಎ1ಸಿ ಸರಾಸರಿ ಸುಮಾರು 1 ಅಂಶದಷ್ಟು ಇಳಿದಿತ್ತು, ಅಂದರೆ 8 ಇದ್ದದ್ದು 7ರ ಆಸುಪಾಸಿಗೆ. ಇದು ಸಣ್ಣ ಲಾಭವಲ್ಲ. ಆದರೆ ಈ ಕ್ಷೇತ್ರದ ಅಧ್ಯಯನಗಳಲ್ಲಿ ಹಲವು ಚಿಕ್ಕವು, ಗುಣಮಟ್ಟವೂ ಒಂದೇ ಸಮನಿಲ್ಲ. ಆದ್ದರಿಂದ ಆ ಅಂಕಿಯನ್ನು ಭರವಸೆ ಎಂದು ತೆಗೆದುಕೊಳ್ಳಬೇಕೇ ಹೊರತು ಗ್ಯಾರಂಟಿ ಎಂದಲ್ಲ. ಸಕ್ಕರೆ ಇಳಿಯುವ ದಾರಿ ಸ್ಪಷ್ಟವಾಗಿದೆ. ಸ್ನಾಯು ಬಿಗಿದಾಗ ಅದರೊಳಗಿನ ಸಕ್ಕರೆ ಸಾಗಿಸುವ ಪ್ರೋಟೀನುಗಳು ಜೀವಕೋಶದ ಗೋಡೆಗೆ ಬಂದು ನಿಂತು ರಕ್ತದಿಂದ ಗ್ಲೂಕೋಸನ್ನು ಒಳಗೆಳೆಯುತ್ತವೆ. ಇದಕ್ಕೆ ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ. ತೊಡೆ, ಪೃಷ್ಠ, ಮೀನಖಂಡಗಳು ದೇಹದ ದೊಡ್ಡ ಸ್ನಾಯುಗಳು. ಅವನ್ನು ದುಡಿಸುವ ಉತ್ಕಟಾಸನ, ವೀರಭದ್ರಾಸನಗಳಿಗೆ ಸಕ್ಕರೆಯ ಲೆಕ್ಕದಲ್ಲಿ ಹೆಚ್ಚು ಬೆಲೆ. ನಿಧಾನ ಉಸಿರಾಟವೂ ವಿಶ್ರಾಂತಿಯೂ ಬೇರೆ ಕಡೆಯಿಂದ ನೆರವಾಗುತ್ತವೆ: ಒತ್ತಡದ ಹಾರ್ಮೋನುಗಳು ಏರಿದಾಗ ಯಕೃತ್ತು ಹೆಚ್ಚು ಸಕ್ಕರೆ ಸುರಿಯುತ್ತದೆ, ಅವು ಇಳಿದಾಗ ಅದೂ ತಗ್ಗುತ್ತದೆ.

ಹಾಗೆಂದು ಯೋಗವೊಂದೇ ಸಾಲದು. ಅಮೆರಿಕದ ಮಧುಮೇಹ ಸಂಘದ ಶಿಫಾರಸಿನಂತೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಎರಡು ಮೂರು ದಿನ ಸ್ನಾಯುಬಲದ ಅಭ್ಯಾಸ, ವಯಸ್ಸಾದವರಿಗೆ ವಾರಕ್ಕೆ 2–3 ಸಲ ಮೈ ಸಡಿಲಗೊಳಿಸುವ ಮತ್ತು ಸಮತೋಲನದ ಅಭ್ಯಾಸ ಬೇಕು. ಯೋಗ ಈ ಕೊನೆಯದನ್ನು ಚೆನ್ನಾಗಿ ತುಂಬಿಸುತ್ತದೆ, ಎರಡನೆಯದನ್ನು ಭಾಗಶಃ. ಮೊದಲನೆಯದಕ್ಕೆ ನಡೆಯಲೇಬೇಕು.

ಮ್ಯಾಟ್

ನಿಂತು ಮಾಡುವ ಆಸನಗಳಿಗೆ 4ರಿಂದ 5 ಮಿಲಿಮೀಟರ್ ದಪ್ಪದ, ಬಿಗಿಯಾದ ಮ್ಯಾಟ್ ನಮ್ಮ ಆಯ್ಕೆ. ದಪ್ಪಕ್ಕಿಂತ ಸಾಂದ್ರತೆ ಮುಖ್ಯ. ಎರಡು ಬೆರಳಿನ ನಡುವೆ ಹಿಡಿದು ಜೋರಾಗಿ ಅದುಮಿ: ಬೆರಳುಗಳು ಹೆಚ್ಚುಕಡಿಮೆ ಒಂದಕ್ಕೊಂದು ತಾಗಿದಂತಾದರೆ ಅದು ಸಡಿಲ ಮಾಲು. ಇನ್ನೂ ಒಳ್ಳೆಯ ಪರೀಕ್ಷೆ ಎಂದರೆ ಗೋಡೆ ಹಿಡಿದು ಬರಿ ನೆಲದ ಮೇಲೆ ಒಂಟಿ ಕಾಲಲ್ಲಿ ನಿಂತು, ನಂತರ ಮ್ಯಾಟಿನ ಮೇಲೆ ಹಾಗೆಯೇ ನಿಲ್ಲುವುದು. ಮ್ಯಾಟಿನ ಮೇಲೆ ಪಾದದ ಕೀಲು ಹೆಚ್ಚು ನಡುಗಿದರೆ ಅದನ್ನು ಮಲಗಿ ಮಾಡುವ ಆಸನಗಳಿಗೆ ಮಾತ್ರ ಇಟ್ಟುಕೊಳ್ಳಿ.

ಮಾಲಿನ ಬಗ್ಗೆ: ಎನ್‌ಬಿಆರ್ (ಒಂದು ಬಗೆಯ ಕೃತಕ ರಬ್ಬರ್) ಎಂದು ಬರೆದ ದಪ್ಪ ಮ್ಯಾಟುಗಳು ಬಹುತೇಕ ಮೇಲೆ ಹೇಳಿದ ಮೆತ್ತನೆಯ ಜಾತಿ. ಎಳೆದಂತೆ ಹಿಗ್ಗುತ್ತವೆ, ವೀರಭದ್ರಾಸನದಲ್ಲಿ ಹಿಂದಿನ ಕಾಲು ಮೆಲ್ಲಗೆ ಜಾರುತ್ತಾ ಹೋಗುತ್ತದೆ, ಮರಗಟ್ಟಿದ ಪಾದಕ್ಕೆ ಆ ಜಾರುವಿಕೆ ಗೊತ್ತೇ ಆಗುವುದಿಲ್ಲ. ಟಿಪಿಇ (ರಬ್ಬರಿನಂಥ ಪ್ಲಾಸ್ಟಿಕ್) ಹಗುರ, ಹಿಡಿತ ಸಾಕಷ್ಟು, ಆದರೆ ಬಿಸಿಲಿಗೆ ಒಣಹಾಕಿದರೆ ಬೇಗ ಹಾಳಾಗುತ್ತದೆ. ನೈಸರ್ಗಿಕ ರಬ್ಬರಿನ ಹಿಡಿತ ಎಲ್ಲಕ್ಕಿಂತ ಮೇಲು. ಭಾರ ಹೆಚ್ಚು, ಮೊದಮೊದಲು ವಾಸನೆ, ಲೇಟೆಕ್ಸ್ ಅಲರ್ಜಿ ಇರುವವರಿಗೆ ಆಗದು. ಪಿವಿಸಿ ಬಾಳಿಕೆ ಬರುತ್ತದೆ, ಆದರೆ ಹೊಸದರಲ್ಲಿ ಮೇಲ್ಮೈ ನುಣುಪಾಗಿರುವುದುಂಟು. ಸಾಬೂನು ನೀರಿನ ಬಟ್ಟೆಯಿಂದ ಒಂದೆರಡು ಬಾರಿ ಒರೆಸಿ ಒಣಗಿಸಿದ ಮೇಲೆಯೇ ಅದರ ಮೇಲೆ ನಿಲ್ಲಿ.

ಅಂಚು ಸುರುಳಿ ಸುತ್ತಿಕೊಳ್ಳುವ ಮ್ಯಾಟ್ ಯಾವ ಮಾಲಿನದಾದರೂ ತಿರಸ್ಕರಿಸಬೇಕು. ಬೆರಳೆತ್ತಲು ಕಷ್ಟವಿರುವ ಪಾದ ಮೊದಲು ಎಡವುವುದು ಆ ಅಂಚಿಗೇ. ಮೇಲ್ಮುಖವನ್ನು ಹೊರಗೆ ಮಾಡಿ ಸುತ್ತಿಟ್ಟರೆ ಬಿಚ್ಚಿದಾಗ ತುದಿಗಳು ನೆಲದ ಕಡೆಗೆ ಬಾಗಿ ಕುಳಿತುಕೊಳ್ಳುತ್ತವೆ. ಕಾರ್ಪೆಟ್ಟಿನ ಮೇಲೆ ಮ್ಯಾಟ್ ಹಾಸಬೇಡಿ, ಮೆತ್ತಗಿನ ಮೇಲೆ ಮೆತ್ತಗಾಗುತ್ತದೆ. ಬಣ್ಣ ತಿಳಿಯಾಗಿದ್ದು, ನೆಲದಿಂದ ಬೇರೆಯಾಗಿ ಕಾಣುವಂತಿರಲಿ. ಉದ್ದಕ್ಕೂ ನಡುವೆ ಒಂದು ಗೆರೆ ಇದ್ದರೆ ಪಾದ ಎಲ್ಲಿದೆ ಎಂದು ಕಣ್ಣು ಹೇಳುತ್ತದೆ, ಸ್ಪರ್ಶದ ಕೊರತೆಯನ್ನು ಅಷ್ಟರಮಟ್ಟಿಗೆ ಅದು ತುಂಬಿಕೊಡುತ್ತದೆ. ಸುತ್ತುಸುತ್ತು ಚಿತ್ತಾರಗಳು ದೃಷ್ಟಿ ಮಂದವಾಗಿರುವವರಿಗೆ ಗೊಂದಲ.

ಒಂದು ವಸ್ತುವಿನ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಬೇಕು: ಮುಳ್ಳುಮುಳ್ಳಾದ ಆಕ್ಯುಪ್ರೆಶರ್ ಮ್ಯಾಟ್, ಅದೇ ಬಗೆಯ ಚಪ್ಪಲಿ. 'ನರಗಳನ್ನು ಎಚ್ಚರಿಸುತ್ತದೆ' ಎಂಬ ಮಾತು ಕೇಳಲು ಚೆನ್ನ. ನೋವೇ ತಿಳಿಯದ ಅಂಗಾಲಿನಡಿ ಪ್ಲಾಸ್ಟಿಕ್ ಮೊನೆಗಳನ್ನಿಟ್ಟು ಇಡೀ ದೇಹದ ಭಾರ ಹಾಕಿದರೆ ಆಗುವುದು ಚರ್ಮದೊಳಗಿನ ಗಾಯ. ಆ ಗಾಯ ಗಮನಕ್ಕೆ ಬರುವಷ್ಟರಲ್ಲಿ ಹುಣ್ಣಾಗಿರುತ್ತದೆ, ಮಧುಮೇಹದಲ್ಲಿ ಪಾದದ ಹುಣ್ಣು ಬೇಗ ಮಾಯುವುದಿಲ್ಲ. ಪಾದದ ಸ್ಪರ್ಶ ಕಡಿಮೆಯಾದವರ ಮನೆಯಲ್ಲಿ ಇದಕ್ಕೆ ಜಾಗವಿಲ್ಲ.

ಕುರ್ಚಿ

ಇಡೀ ಪಟ್ಟಿಯಲ್ಲಿ ಅತ್ಯುತ್ತಮ ಸಲಕರಣೆ ಇದೇ, ಮತ್ತು ಇದು ಬಹುಶಃ ಈಗಾಗಲೇ ಮನೆಯಲ್ಲಿದೆ. ನಾಲ್ಕು ನೇರ ಕಾಲು, ಗಟ್ಟಿ ಬೆನ್ನು, ಕೈಯಾಸರೆ ಇಲ್ಲದ, ಕುಳಿತಾಗ ಎರಡೂ ಪಾದ ಪೂರ್ತಿ ನೆಲಕ್ಕೂರುವ ಮರದ ಅಥವಾ ಕಬ್ಬಿಣದ ಕುರ್ಚಿ. ಆಸನದ ಎತ್ತರ 43–45 ಸೆಂಟಿಮೀಟರ್ ಹೆಚ್ಚಿನವರಿಗೆ ಸರಿಹೊಂದುತ್ತದೆ. ಚಕ್ರವಿರುವ ಆಫೀಸ್ ಕುರ್ಚಿ ಬೇಡವೇ ಬೇಡ. ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಭಾರ ಒಂದು ಕಡೆ ಬಿದ್ದಾಗ ಹೊರಕ್ಕೆ ಹರಡಿಕೊಳ್ಳುತ್ತವೆ. ಮಡಚುವ ಕುರ್ಚಿಯಲ್ಲಿ ಅಂಚಿಗೆ ಕುಳಿತು ಮುಂದೆ ಬಾಗಿದರೆ ಅದು ಮುಂದಕ್ಕೆ ಮಗುಚುವ ಸಂಭವವಿದೆ.

ಕುರ್ಚಿಯಿಂದ ಆಗುವ ಅವಘಡಗಳೆಲ್ಲ ಬಹುಮಟ್ಟಿಗೆ ಅದನ್ನು ಇಡುವ ರೀತಿಯಿಂದಲೇ. ಎರಡು ಕಾಲು ಮ್ಯಾಟಿನ ಮೇಲೆ, ಎರಡು ನೆಲದ ಮೇಲೆ ಇಟ್ಟರೆ ಅದು ಅಲ್ಲಾಡುತ್ತದೆ. ಕುಳಿತು ಏಳುವ ಅಭ್ಯಾಸಕ್ಕೆ ಕುರ್ಚಿಯ ಬೆನ್ನು ಗೋಡೆಗೆ ಒರಗಿರಬೇಕು. ಬೆನ್ನನ್ನು ಹಿಡಿದು ನಿಲ್ಲುವ ಅಭ್ಯಾಸಕ್ಕೆ ಕುರ್ಚಿಯನ್ನು ತಿರುಗಿಸಿ, ಅದರ ಆಸನದ ಮುಂಭಾಗ ಗೋಡೆಗೆ ತಾಗುವಂತೆ ಇಡಿ. ಆಗ ನೀವು ಮುಂದಕ್ಕೆ ವಾಲಿದರೂ ಅದು ಜಾರಿಕೊಂಡು ಹೋಗುವುದಿಲ್ಲ. ಕಾಲಿನ ರಬ್ಬರ್ ಬಿಲ್ಲೆಗಳು ಸವೆದಿವೆಯೇ ಎಂದು ಆಗಾಗ ನೋಡಿ.

ಇದರ ಮೇಲೆ ಮಾಡುವ ಅಭ್ಯಾಸದ ಒಂದು ಸರಣಿ ಹೀಗಿರಬಹುದು. ಮೊದಲು ಕೈಯೂರದೆ ಕುಳಿತು ಏಳುವುದು, 8–10 ಸಲ. ಏಳುವಾಗ ಉಸಿರು ಬಿಡಿ, ಇಳಿಯುವಾಗ ಮೂರು ಎಣಿಸುವಷ್ಟು ನಿಧಾನವಾಗಿ. ದೊಪ್ಪೆಂದು ಕೂರುವುದು ಎಲ್ಲರೂ ಮಾಡುವ ತಪ್ಪು, ತೊಡೆಯ ಕೆಲಸದ ಅರ್ಧ ಅಲ್ಲಿಯೇ ಕಳೆದುಹೋಗುತ್ತದೆ. ಇದು ಕುರ್ಚಿಯ ಉತ್ಕಟಾಸನವೇ. ನಂತರ ಬೆನ್ನು ಹಿಡಿದು ನಿಂತು ಹಿಮ್ಮಡಿ ಎತ್ತುವುದು, 10–15 ಸಲ, ಎರಡು ಸುತ್ತು. ಅದಾದ ಮೇಲೆ ಹಿಮ್ಮಡಿ ನೆಲದಲ್ಲೇ ಇಟ್ಟು ಬೆರಳುಗಳನ್ನು ಎತ್ತುವುದು ಅಷ್ಟೇ ಸಲ. ಮಧುಮೇಹದಲ್ಲಿ ಬೆರಳೆತ್ತುವ ಸ್ನಾಯು ಸೊರಗಿ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿಯುವುದರಿಂದ ಈ ಬೆರಳೆತ್ತುವ ಅಭ್ಯಾಸವನ್ನು ಬಿಡಬಾರದು. ಕೊನೆಯದು ವೃಕ್ಷಾಸನ, ಆದರೆ ಚಿತ್ರಪಟದಲ್ಲಿರುವಂತೆ ತೊಡೆಗೆ ಪಾದ ಒತ್ತಿ ಅಲ್ಲ. ಹಿಮ್ಮಡಿಯನ್ನು ಇನ್ನೊಂದು ಪಾದದ ಕೀಲಿಗೆ ಒರಗಿಸಿ ಬೆರಳ ತುದಿ ನೆಲದಲ್ಲೇ ಇರಲಿ, ದೃಷ್ಟಿ ಎದುರಿನ ಒಂದು ಬಿಂದುವಿನಲ್ಲಿ, 10 ಸೆಕೆಂಡಿನಿಂದ ಶುರುಮಾಡಿ 30ರವರೆಗೆ. ಎರಡು ಕೈಯಿಂದ ಹಿಡಿದದ್ದು ಒಂದು ಕೈಗೆ, ಒಂದು ಕೈಯಿಂದ ಎರಡು ಬೆರಳಿಗೆ, ಬೆರಳಿನಿಂದ ಮೇಲೆ ತೇಲುವ ಕೈಗೆ ಬರಲು ವಾರಗಳೇ ಹಿಡಿಯಲಿ, ಅವಸರವಿಲ್ಲ. ಕೈ ಯಾವಾಗಲೂ ಕುರ್ಚಿಯಿಂದ ಒಂದು ಗೇಣಿನೊಳಗೆ ಇರಬೇಕು.

ಫೋಮ್ ಪ್ಯಾಡ್

ಸುಮಾರು 50 ಸೆಂಟಿಮೀಟರ್ ಉದ್ದ, 40 ಅಗಲ, 6 ದಪ್ಪದ ಈ ದಿಂಬಿನಂಥ ಪ್ಯಾಡ್ ಫಿಸಿಯೋಥೆರಪಿ ಕೋಣೆಗಳಲ್ಲಿ ಸಾಮಾನ್ಯ. ಒಳ್ಳೆಯದು, ಆದರೆ ಎಲ್ಲರಿಗೂ ಅಲ್ಲ, ಮೊದಲ ದಿನಕ್ಕೂ ಅಲ್ಲ. ಪ್ಯಾಡ್ ಪಾದವನ್ನು ಚುರುಕು ಮಾಡುತ್ತದೆ ಎಂದು ಹಲವರು ತಿಳಿದಿದ್ದಾರೆ. ನಡೆಯುವುದು ಬೇರೆ: ಅದು ಪಾದದ ಸುದ್ದಿಯನ್ನು ಬೇಕೆಂದೇ ಮಸುಕು ಮಾಡಿ, ಕಣ್ಣು ಮತ್ತು ಒಳಕಿವಿ ಹೆಚ್ಚು ದುಡಿಯುವಂತೆ ಮಾಡುತ್ತದೆ. ಮೊದಲು ಬೈದ ಮೆತ್ತನೆಯ ಮ್ಯಾಟಿನ ಗುಣವೇ ಇಲ್ಲಿ ಔಷಧಿ. ವ್ಯತ್ಯಾಸವೇನೆಂದರೆ ಇಲ್ಲಿ ಅದು ಅಳತೆಯಿಟ್ಟು, ಆಸರೆಯ ನಡುವೆ, ಕೆಲವು ನಿಮಿಷಗಳಿಗೆ ಮಾತ್ರ. ಗಟ್ಟಿ ನೆಲದ ಮೇಲೆ ಹಿಮ್ಮಡಿ–ಬೆರಳು ಜೋಡಿಸಿದ ನಿಲುವನ್ನು 30 ಸೆಕೆಂಡು ಹಿಡಿಯಬಲ್ಲವರು ಮಾತ್ರ ಪ್ಯಾಡ್ ಹತ್ತಬೇಕು.

ಕೊಳ್ಳುವಾಗ ನೋಡಬೇಕಾದದ್ದು ರಂಧ್ರಗಳು ಮುಚ್ಚಿರುವ ಫೋಮ್. ತುದಿಯ ಮೇಲೆ ಒಂದು ಹನಿ ನೀರು ಹಾಕಿ: ಮೇಲೆಯೇ ನಿಂತರೆ ಸರಿ, ಹೀರಿಕೊಂಡರೆ ಅದು ಬರಿ ಸ್ಪಂಜು. ಸ್ಪಂಜು ಭಾರಕ್ಕೆ ಕುಸಿದು ಪಾದ ನೆಲ ಮುಟ್ಟುತ್ತದೆ, ಅಭ್ಯಾಸದ ಅರ್ಥವೇ ಹೋಗುತ್ತದೆ. ಬೆವರು ಹೀರಿ ವಾಸನೆಯೂ ಹಿಡಿಯುತ್ತದೆ. ನಿಮ್ಮ ತೂಕಕ್ಕೆ ಅದು ತಾಳುತ್ತದೆಯೇ ಎಂದು ತಿಳಿಯಲು ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಂತಾಗ ಹಿಮ್ಮಡಿಯಡಿ ಇನ್ನೂ ಎರಡು ಸೆಂಟಿಮೀಟರಾದರೂ ಫೋಮ್ ಉಳಿದಿರಬೇಕು. ಇಳಿದ ಮೇಲೆ ಪಾದದ ಗುರುತು ಬಹಳ ಹೊತ್ತು ಹೋಗದಿದ್ದರೆ ಆಯುಸ್ಸು ಮುಗಿದಂತೆ.

ಇಡುವ ಜಾಗ ಕೋಣೆಯ ಮೂಲೆ. ಎರಡು ಗೋಡೆ ಹಿಂದೆ, ಕುರ್ಚಿಯ ಬೆನ್ನು ಮುಂದೆ. ನುಣುಪು ನೆಲದ ಮೇಲೆ ಪ್ಯಾಡ್ ಜಾರುವುದರಿಂದ ಅಡಿಗೆ ತೆಳು ಮ್ಯಾಟಿನ ತುಂಡು ಹಾಸಿ. ಮೊದಲ ವಾರ ಎರಡೂ ಪಾದ ಸೊಂಟದಗಲ ಇಟ್ಟು 30 ಸೆಕೆಂಡು, ಮೂರು ಸಲ, ಬೆರಳ ತುದಿ ಕುರ್ಚಿಗೆ ತಾಗಿರಲಿ. ಇದು ಸಲೀಸಾದ ಮೇಲೆ ಪಾದಗಳನ್ನು ಹತ್ತಿರ ತನ್ನಿ. ಆಮೇಲೆ ತಲೆಯನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ಒಂಟಿ ಕಾಲಿನ ನಿಲುವು ಬಹಳ ತಡವಾಗಿ ಬರುವ ಮೆಟ್ಟಿಲು, ಹಲವರಿಗೆ ಅದು ಬೇಕಾಗುವುದೂ ಇಲ್ಲ. ಪ್ಯಾಡಿನ ಮೇಲೆ ಕಣ್ಣು ಮುಚ್ಚುವುದನ್ನು ಮನೆಯಲ್ಲಿ ಮಾಡಲೇಬೇಡಿ: ಪಾದ ಮಂಕು, ಕಣ್ಣು ಮುಚ್ಚಿದೆ ಎಂದಾದರೆ ಉಳಿಯುವುದು ಒಳಕಿವಿಯೊಂದೇ.

ಪ್ಯಾಡಿನಲ್ಲಿ ನಿಂತಿರುವಾಗ ಬೀಳುವುದಕ್ಕಿಂತ ಇಳಿಯುವಾಗ ಬೀಳುವ ಸಂಭವವೇ ಜಾಸ್ತಿ. ಗಮನ ಸಡಿಲವಾಗಿರುತ್ತದೆ, 6 ಸೆಂಟಿಮೀಟರ್ ಕೆಳಗಿರುವ ನೆಲ ಪಾದಕ್ಕೆ ತಿಳಿಯುವುದಿಲ್ಲ. ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಪಾದವನ್ನು ಕಣ್ಣಿನಿಂದ ನೋಡುತ್ತಾ ಇಳಿಯಿರಿ.

ತೂಗುಹಲಗೆ, ಅರ್ಧಚೆಂಡು

ದುಂಡು ತಳದ, ಎಲ್ಲ ದಿಕ್ಕಿಗೂ ವಾಲುವ ವಾಬಲ್ ಬೋರ್ಡ್ ಮತ್ತು ಗಾಳಿ ತುಂಬಿದ ಅರ್ಧಚೆಂಡು ಆಟಗಾರರಿಗೆ, ಉಳುಕಿದ ಕಾಲು ಸುಧಾರಿಸಿಕೊಳ್ಳುತ್ತಿರುವವರಿಗೆ ಸರಿ. ಪಾದದ ಸ್ಪರ್ಶ ಕಳೆದುಕೊಂಡ ಮಧುಮೇಹಿಗೆ ಇವು ಬೇಡ. ಹಲಗೆ ವಾಲಿತೆಂದು ಕೀಲಿಗೆ ತಿಳಿಯುವಷ್ಟರಲ್ಲಿ ದೇಹ ತೂಕ ತಪ್ಪಿರುತ್ತದೆ. ಒಂದೇ ದಿಕ್ಕಿನಲ್ಲಿ, ಹಿಂದೆ ಮುಂದೆ ಮಾತ್ರ ತೂಗುವ ರಾಕರ್ ಬೋರ್ಡ್ ಫಿಸಿಯೋಥೆರಪಿಸ್ಟರ ಎದುರು, ಎರಡೂ ಬದಿ ಕಂಬಿ ಹಿಡಿದು ಮಾಡಿದರೆ ಪ್ರಯೋಜನಕ್ಕೆ ಬರುತ್ತದೆ. ಪಾದ ಇದ್ದಕ್ಕಿದ್ದಂತೆ ಬಿಸಿಯಾಗಿ, ಕೆಂಪಗೆ ಊದಿಕೊಂಡಿದ್ದರೆ, ನೋವಿಲ್ಲದಿದ್ದರೂ, ಯಾವ ಸಲಕರಣೆಯನ್ನೂ ಹತ್ತಬೇಡಿ, ನಡೆಯುವುದನ್ನೂ ಕಡಿಮೆ ಮಾಡಿ ಅದೇ ದಿನ ವೈದ್ಯರಿಗೆ ತೋರಿಸಿ. ಅದು ಪಾದದ ಮೂಳೆಗಳು ಒಳಗೊಳಗೇ ಕುಸಿಯುವ ಶಾರ್ಕೋ ಪಾದವಾಗಿರಬಹುದು.

ಬ್ಲಾಕ್, ಪಟ್ಟಿ, ಕಾಲುಚೀಲ

ಬ್ಲಾಕ್ ಎರಡು ಬೇಕು, ಸುಮಾರು 23 × 15 × 10 ಸೆಂಟಿಮೀಟರಿನವು. ತ್ರಿಕೋನಾಸನದಲ್ಲಿ ಕೈಯೂರಲು ಕಾರ್ಕಿನದು ಫೋಮಿನದಕ್ಕಿಂತ ಅಲುಗಾಟ ಕಡಿಮೆ. ಮಧುಮೇಹದಲ್ಲಿ ಭುಜ ಹಿಡಿದುಕೊಳ್ಳುವುದು, ಬೆರಳ ಕೀಲುಗಳು ಬಿಗಿಯುವುದು ಹೆಚ್ಚು. ನಮಸ್ಕಾರ ಮುದ್ರೆಯಲ್ಲಿ ಎರಡು ಅಂಗೈ ಪೂರ್ತಿ ಕೂಡದೆ ನಡುವೆ ಸಂದು ಉಳಿದರೆ ಅದೇ ಅದರ ಗುರುತು. ಅಂಥ ಕೈಗೆ ಬಲವಂತವಾಗಿ ನೆಲ ಮುಟ್ಟಿಸುವ ಬದಲು ನೆಲವನ್ನೇ ಬ್ಲಾಕಿನಿಂದ ಮೇಲೆ ತರಬೇಕು. ಪಟ್ಟಿ ಹತ್ತಿಯದಾಗಿ ಅಗಲವಾಗಿರಲಿ. ಮಲಗಿ ಕಾಲೆತ್ತಿ ಪಾದಕ್ಕೆ ಸುತ್ತುವಾಗ ಕೊಂಡಿ ಚರ್ಮಕ್ಕೆ ತಾಗದಂತೆ ಕೈಯ ಕಡೆ ಇರಲಿ. ಒತ್ತುತ್ತಿದೆಯೇ ಎಂದು ಪಾದ ಹೇಳುವುದಿಲ್ಲ, ಕಣ್ಣೇ ನೋಡಬೇಕು.

ವಜ್ರಾಸನಕ್ಕಾಗಿ ಮಾರುವ ಮಣೆ ಮತ್ತು ದಿಂಬುಗಳು ಹೆಸರಿಗೆ ತಕ್ಕ ಕೆಲಸ ಮಾಡುತ್ತವೆ, ಆದರೆ ಬಹಳ ಹೊತ್ತು ಕೂರುವ ಆಸೆಯನ್ನೂ ಹುಟ್ಟಿಸುತ್ತವೆ. ಮಂಡಿಯ ಹೊರಬದಿಯಲ್ಲಿ ಹಾದುಹೋಗುವ ನರ ದೀರ್ಘಕಾಲ ಒತ್ತಿಹೋದರೆ ಪಾದ ಮೇಲೆತ್ತಲಾಗದೆ ಜೋತುಬೀಳುತ್ತದೆ. ಬಹಳ ಹೊತ್ತು ಮಂಡಿಯೂರಿ ಕುಳಿತವರಲ್ಲಿ ಇದು ಕಾಣಿಸಿದ್ದು 1971ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಮಧುಮೇಹದಿಂದ ಮೊದಲೇ ಸೊರಗಿದ ನರ ಇಂಥ ಒತ್ತಡವನ್ನು ಇನ್ನೂ ಕಡಿಮೆ ತಾಳಿಕೊಳ್ಳುತ್ತದೆ. ಎರಡು ಮೂರು ನಿಮಿಷಕ್ಕೆ ಎದ್ದುಬಿಡಿ.

ಬರಿಗಾಲೋ ಕಾಲುಚೀಲವೋ? ಸ್ಪರ್ಶ ಸರಿಯಿದ್ದವರಿಗೆ ಸ್ವಚ್ಛ ಮ್ಯಾಟಿನ ಮೇಲೆ ಬರಿಗಾಲೇ ಮೇಲು. ಸ್ಪರ್ಶ ಕಡಿಮೆಯಿದ್ದರೆ ಅಂಗಾಲಿಗೆ ಸಿಲಿಕೋನ್ ಚುಕ್ಕೆಗಳಿರುವ, ಒಳಗೆ ಹೊಲಿಗೆ ಉಬ್ಬಿಲ್ಲದ, ಬಿಳಿಯ ಕಾಲುಚೀಲ. ಬಿಳಿಯೇ ಏಕೆಂದರೆ ರಕ್ತದ ಕಲೆ ತಕ್ಷಣ ಕಾಣುತ್ತದೆ. ಚುಕ್ಕೆಯಿಲ್ಲದ ಸಾಮಾನ್ಯ ಕಾಲುಚೀಲದಲ್ಲಿ ಮಾತ್ರ ಯಾವ ಆಸನಕ್ಕೂ ನಿಲ್ಲಬೇಡಿ. ಅಭ್ಯಾಸದ ಮೊದಲೂ ನಂತರವೂ ಅಂಗಾಲು, ಬೆರಳ ಸಂದುಗಳನ್ನು ನೋಡಿ. ಬಗ್ಗಲಾಗದವರು ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಬಹುದು. ತೆರೆದ ಹುಣ್ಣು ಇದ್ದರೆ ಅದು ಮಾಯುವವರೆಗೆ ಕುಳಿತು ಮತ್ತು ಮಲಗಿ ಮಾಡುವ ಅಭ್ಯಾಸ ಮಾತ್ರ.

ಗ್ಲೂಕೋಮೀಟರ್ ಮತ್ತು ಸಿಜಿಎಂ

ಇವೂ ಯೋಗದ ಸಲಕರಣೆಗಳೇ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಸಲ್ಫೊನೈಲ್ಯೂರಿಯಾ ಮಾತ್ರೆ ತೆಗೆದುಕೊಳ್ಳುವವರು ಶುರುಮಾಡುವ ಮೊದಲು ಅಳೆಯಬೇಕು. ಡೆಸಿಲೀಟರಿಗೆ 90 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಮೊದಲು 15–30 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳಿ. 250 ದಾಟಿ ಕೀಟೋನ್ (ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ಆಮ್ಲ) ಕೂಡ ಇದ್ದರೆ ಆ ದಿನ ಅಭ್ಯಾಸ ಬೇಡ. ನಡುವೆ 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಅಳತೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ಭಯ ತೀರ ಕಡಿಮೆ. ರಕ್ತದೊತ್ತಡಕ್ಕೋ ಹೃದಯಕ್ಕೋ ಕೊಡುವ ಬೀಟಾ ಬ್ಲಾಕರ್ ಮಾತ್ರೆ ಇರುವವರಲ್ಲಿ ಸಕ್ಕರೆ ಇಳಿದಾಗ ಕೈನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು, ಬೆವರು ಮಾತ್ರ ಬರುತ್ತದೆ.

ಸಕ್ಕರೆಯನ್ನು ನಿರಂತರವಾಗಿ ಅಳೆಯುವ, ತೋಳಿಗೆ ಅಂಟಿಸುವ ಸಿಜಿಎಂ ಸಂವೇದಕ ಅಭ್ಯಾಸಕ್ಕೆ ಬಹಳ ಅನುಕೂಲ, ಆದರೆ ಎರಡು ಕಡೆ ದಾರಿ ತಪ್ಪಿಸುತ್ತದೆ. ಮೊದಲನೆಯದು, ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸಕ್ಕರೆ ವೇಗವಾಗಿ ಇಳಿಯುವಾಗ 5ರಿಂದ 15 ನಿಮಿಷ ಹಿಂದುಳಿಯುತ್ತದೆ. ಎರಡನೆಯದು, ಆ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಒತ್ತಡದಿಂದ ಸುಳ್ಳು ಇಳಿತ ತೋರಿಸಿ ಕೂಗಿಕೊಳ್ಳುತ್ತದೆ. ಶವಾಸನದಿಂದ ಏಳಲು ಮಗ್ಗುಲಾಗುವಾಗ ಸಂವೇದಕವಿಲ್ಲದ ಕಡೆಗೆ ಹೊರಳಿ. ಸಂಶಯ ಬಂದರೆ ಬೆರಳಿನ ರಕ್ತದಿಂದ ನೋಡಿ. ಹೊಟ್ಟೆಗೆ ಇನ್ಸುಲಿನ್ ಪಂಪಿನ ಕೊಳವೆ ಅಂಟಿಸಿಕೊಂಡವರಿಗೆ ಭುಜಂಗಾಸನ, ಧನುರಾಸನಗಳು ಆ ಜಾಗವನ್ನು ಒತ್ತುತ್ತವೆ. ಅಂಟಿಸುವ ಜಾಗ ಬದಲಿಸಿ ಅಥವಾ ಆಸನ ಬಿಡಿ.

ಆನ್‌ಲೈನ್ ತರಗತಿಗಳು

ಮೊದಲೇ ಚಿತ್ರೀಕರಿಸಿಟ್ಟ ವಿಡಿಯೋಗಿಂತ ನೇರ ತರಗತಿ ಮೇಲು, ಗುರು ನಿಮ್ಮ ಪಾದವನ್ನೂ ನೋಡುವಂತೆ ಕ್ಯಾಮೆರಾ ಇಟ್ಟರೆ ಮಾತ್ರ. ಬಹುತೇಕ ಕಡೆ ಮುಖ ಮತ್ತು ಎದೆಯಷ್ಟೇ ಕಾಣುತ್ತವೆ, ಅಂಥ ತರಗತಿಯಿಂದ ವಿಡಿಯೋಗಿಂತ ಹೆಚ್ಚಿನ ಲಾಭವಿಲ್ಲ. ಸೇರಿಸಿಕೊಳ್ಳುವ ಮೊದಲು ಅವರು ಕೇಳಬೇಕಾದ ಪ್ರಶ್ನೆಗಳಿವೆ: ಯಾವ ಔಷಧಿ, ಕಣ್ಣಿನ ಪರದೆಯ (ರೆಟಿನಾ) ಪರೀಕ್ಷೆ ಕೊನೆಗೆ ಯಾವಾಗ ಆಯಿತು, ಎದ್ದಾಗ ತಲೆ ಸುತ್ತುತ್ತದೆಯೇ, ಪಾದದಲ್ಲಿ ಗಾಯವಿದೆಯೇ. ಇವುಗಳಲ್ಲಿ ಒಂದನ್ನೂ ಕೇಳದೆ ಸೂರ್ಯ ನಮಸ್ಕಾರಕ್ಕೆ ನಿಲ್ಲಿಸುವವರನ್ನು ನಾವು ಶಿಫಾರಸು ಮಾಡುವುದಿಲ್ಲ.

ಕಣ್ಣಿನ ಪ್ರಶ್ನೆ ಏಕೆಂದರೆ, ಪರದೆಯ ಮೇಲೆ ಹೊಸ ದುರ್ಬಲ ರಕ್ತನಾಳಗಳು ಬೆಳೆದಿರುವವರು ತಲೆ ಕೆಳಗಾಗಿಸಿದರೆ, ಉಸಿರು ಬಿಗಿಹಿಡಿದು ತಿಣುಕಿದರೆ ಒಳಗೆ ರಕ್ತಸ್ರಾವವಾಗಬಹುದು. ಶೀರ್ಷಾಸನ, ಸರ್ವಾಂಗಾಸನ, ಹಲಾಸನ, ರಭಸದ ಕಪಾಲಭಾತಿ ಅವರಿಗೆ ನಿಷಿದ್ಧ. ಅಧೋಮುಖ ಶ್ವಾನಾಸನ ಮೇಲ್ನೋಟಕ್ಕೆ ಸಾಧು, ಆದರೆ 2015ರ ಒಂದು ಅಧ್ಯಯನ ಹೋಲಿಸಿದ ನಾಲ್ಕು ಭಂಗಿಗಳಲ್ಲಿ ಕಣ್ಣಿನೊಳಗಿನ ಒತ್ತಡ ಹೆಚ್ಚು ಏರಿದ್ದು ಇದರಲ್ಲೇ. ಕಣ್ಣಿನೊತ್ತಡದ ಕಾಯಿಲೆಯಾದ ಗ್ಲಾಕೋಮಾ ಇರುವವರೂ ಇದನ್ನು ಬಿಟ್ಟು ಗೋಡೆಗೆ ಕೈಯೂರಿ ಸೊಂಟದ ಮಟ್ಟಕ್ಕೆ ಬಾಗಿದರೆ ಸಾಕು, ತೊಡೆಯ ಹಿಂಭಾಗಕ್ಕೆ ಅದೇ ಸೆಳೆತ ಸಿಗುತ್ತದೆ.

ತಲೆ ಸುತ್ತಿನ ಪ್ರಶ್ನೆಯೂ ಹಾಗೆಯೇ. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಥವಾ ಕೆಳಗಿನದು 10 ಇಳಿದರೆ ರಕ್ತನಾಳಗಳನ್ನು ಬಿಗಿಸುವ ನರಗಳೂ ಸೊರಗಿರಬಹುದು. ಅಂಥವರಿಗೆ ಬಗ್ಗಿ ಏಳುವ ವೇಗದ ಸರಣಿಗಳು ಬೇಡ. ಶವಾಸನದ ನಂತರ ಮಗ್ಗುಲಾಗಿ, ಕುಳಿತು, ಒಂದೆರಡು ನಿಮಿಷ ಪಾದಗಳನ್ನು ಮೇಲೆ ಕೆಳಗೆ ಆಡಿಸಿ ಆಮೇಲೆ ಏಳಬೇಕು. ಕೋಣೆಯನ್ನು ಕಾಯಿಸಿ ಮಾಡಿಸುವ ಬಿಸಿ ಯೋಗಕ್ಕೆ ಇವರು ಹೋಗಲೇಬಾರದು. ಬಿಸಿಯಲ್ಲಿ ದೇಹ ಇನ್ಸುಲಿನ್ನನ್ನು ಬೇಗ ಹೀರಿಕೊಳ್ಳುತ್ತದೆ, ನೀರು ಬತ್ತುತ್ತದೆ, ಬೆವರುವ ನರಗಳು ಕೆಟ್ಟಿದ್ದರೆ ಮೈ ತಣಿಯುವುದಿಲ್ಲ.

ಇಷ್ಟು ದಿನದಲ್ಲಿ ಮಧುಮೇಹ ವಾಸಿ, ಮಾತ್ರೆ ನಿಲ್ಲಿಸಿ ಎನ್ನುವ ತರಗತಿಯಿಂದ ಅದೇ ದಿನ ಹೊರಬನ್ನಿ. ಅಭ್ಯಾಸ ಫಲ ಕೊಟ್ಟು ಸಕ್ಕರೆ ಇಳಿಯತೊಡಗಿದರೆ ಔಷಧಿಯ ಪ್ರಮಾಣ ಬದಲಿಸುವವರು ವೈದ್ಯರು, ಅದೂ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ನೋಡಿ.

ಸಂಜೆಯ ತರಗತಿ ಆರಿಸಿಕೊಳ್ಳುವ ಇನ್ಸುಲಿನ್ ಬಳಕೆದಾರರು ಒಂದು ವಿಷಯ ಗಮನದಲ್ಲಿಡಬೇಕು. ದುಡಿದ ಸ್ನಾಯು ಸಕ್ಕರೆ ಎಳೆದುಕೊಳ್ಳುವುದು ತರಗತಿ ಮುಗಿದೊಡನೆ ನಿಲ್ಲುವುದಿಲ್ಲ, ಅದರ ಪರಿಣಾಮ ಒಂದು ದಿನಕ್ಕೂ ಮೀರಿ ಉಳಿಯಬಹುದು. ಮೊದಲ ಕೆಲವು ವಾರ ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಆ ಅಂಕಿಗಳನ್ನು ನೋಡಿಯೇ ತರಗತಿಯನ್ನು ಬೆಳಗಿಗೆ ಬದಲಾಯಿಸಬೇಕೋ ರಾತ್ರಿಯ ಡೋಸನ್ನು ತಗ್ಗಿಸಬೇಕೋ ಎಂದು ವೈದ್ಯರು ಹೇಳುತ್ತಾರೆ.